ಅಯ್ಯನವರ ಗಂಟಲು

ರೋಣ, ನರಗುಂದ, ಗಜೇಂದ್ರಗಡ, ಮೂರೂರಿಗೆ ಒಬ್ಬರೇ ಪಾದ್ರಿ ಅಯ್ಯನವರು. ಶುಭ ಶುಕ್ರವಾರ ಮೂರೂ ಕಡೆ ಕ್ರಿಸ್ತನು ಶಿಲುಬೆಯಲ್ಲಿ ಆಡಿದ ಏಳು ಮಾತುಗಳ ಮೇಲೆ ಪ್ರಸಂಗ ಮಾಡಿದ್ದರು. ಈಸ್ಟರ್ ಬೆಳಗಿಗೆ ಎಂಟನೆಯ ಮಾತನ್ನಾಡಲು ಗಂಟಲೇ ಉಳಿದಿರಲಿಲ್ಲ. ಗಜೇಂದ್ರಗಡದ ಚರ್ಚಿನ ಬಾಗಿಲಲ್ಲಿ ದೇವಪುತ್ರನ ಕಿವಿಗೆ ಉಸುರಿದರು: “ಆರಾಧನಿ ನೀನ ನಡಸಪಾ. ಆದ್ರ ನನ್ನ ದನಿ ತಗೀಬ್ಯಾಡ.”

ಹಾಗೆನ್ನಲು ಕಾರಣವಿತ್ತು. ಬಿ.ಎ. ಮುಗಿಸಿದ ದೇವಪುತ್ರ ಬಸ್‌ಸ್ಟ್ಯಾಂಡಿನೆದುರು ಝೆರಾಕ್ಸ್ ಅಂಗಡಿ ಇಟ್ಟಿದ್ದ. ಕಾಗದದ ನಕಲಿಗೆ ಕಾಸು, ಮನುಷ್ಯರ ನಕಲು ಪುಕ್ಕಟೆ. ಹೋದ ತಿಂಗಳು ಕೇರಳದ ನರ್ಸ್ ಲಿಸಿಯ ಕನ್ನಡವನ್ನು ಎಳೆದೆಳೆದು ಆಡಿ ತೋರಿಸುವಾಗ ಆಕೆಯೇ ಹಿಂದೆ ನಿಂತಿದ್ದಳು. ದಿನಾ ಬೆಳಿಗ್ಗೆ ಅವನ ಅವ್ವ ಸುಶೀಲವ್ವನಿಗೆ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಲು ಮನೆಗೇ ಬರುವಾಕೆ. ಅಂದಿನಿಂದ ಅವನ ಕೂಡ ಮಾತು ಬಂದ್.

“ನಮ್ಮ ಚರ್ಚಿನ ಜಮಖಾನದ ಮ್ಯಾಲ ಹೊಸಬ್ರು ಕುಂತ್ರ ನಿನಗ ನಗಿ ಬರ್ತದೇನು?” ಎಂದು ಅವ್ವ ಬೈದಿದ್ದಳು. ಆ ಮಾತು ಅವನಿಗೆ ಇನ್ನೂ ಚುಚ್ಚುತ್ತಿತ್ತು, ಸೂಜಿಯಿಲ್ಲದೆ.

ಗುಡ್ಡದ ಮೇಲೆ ಕರೆಂಟಿನ ಗಾಳಿಗಿರಣಿಗಳು ಬಂದ ಮೇಲೆ ಚರ್ಚಿನ ಜಮಖಾನ ಸಾಲದಾಗಿತ್ತು. ಅವುಗಳ ಕೆಲಸಕ್ಕೆ ಬಂದ ತಮಿಳು ಮೇಸ್ತ್ರಿಗಳು ಹಿಂದೆ ಬರಿನೆಲದ ಮೇಲೆಯೇ ಕೂತಿದ್ದರು.

ದೇವಪುತ್ರ ತನ್ನ ದನಿಯಲ್ಲೇ, “ಕ್ರಿಸ್ತನು ಎದ್ದಿದ್ದಾನೆ” ಎಂದ. “ನಿಜವಾಗಿಯೂ ಎದ್ದಿದ್ದಾನೆ” ಎಂದು ಮುಂದಿನ ಸಾಲುಗಳು ಗುಡುಗಿದವು. ಹಿಂದಿನವರು ಹೋದ ವರ್ಷದಂತೆಯೇ ಬರೀ ತುಟಿ ಆಡಿಸಿದರು.

ಅವರ ಭಾಷೆ ದೇವಪುತ್ರನ ನಾಲಿಗೆ ತುದಿಯಲ್ಲೇ ಇತ್ತು, ನಕಲಿಗೆಂದು ಕಲಿತದ್ದು. ಆಡಿದರೆ ಅಣಕವೆಂದಾರು. ಆಡದಿದ್ದರೆ ಅವರಿಗೆ ಇನ್ನೊಂದು ವರ್ಷ ಮೂಕಹಬ್ಬ. ಅಳುಕುತ್ತಲೇ ಅದನ್ನೇ ತಮಿಳಿನಲ್ಲಿ ಹೇಳಿದ. ಮೇಸ್ತ್ರಿಗಳು ಬೆನ್ನು ನೆಟ್ಟಗೆ ಮಾಡಿ ಗೋಡೆ ನಡುಗುವಂತೆ ಉತ್ತರಿಸಿದರು. ಆಮೇಲೆ ಹೆಂಗಸರ ಹಿಂದಿನ ಸಾಲಿನಲ್ಲಿದ್ದ ಲಿಸಿಯ ಕಡೆ ತಿರುಗಿ ಮಲಯಾಳದಲ್ಲಿ ಹೇಳಿದ, ಒಂದಕ್ಷರವನ್ನೂ ಎಳೆಯದೆ.

ಲಿಸಿ ತಲೆ ಎತ್ತಲಿಲ್ಲ. ಸಭೆ ಕಾಯಿತು.

ಆಕೆ ನಿಧಾನವಾಗಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಮೊಣಕಾಲಿಗೂರಿ, ಗಂಟಲು ಗೊಗ್ಗರು ಮಾಡಿಕೊಂಡು ಅಂದಳು: “ಖರೇನ ಎದ್ದಾನಪಾ. ನೀ ಯಾವಾಗ ಏಳ್ತೀ? ಹೊತ್ತು ನೆತ್ತಿಗಿ ಬಂದ ಮ್ಯಾಲೇನು?”

ದಿನಾ ಬೆಳಿಗ್ಗೆ ಮಗನನ್ನು ಎಬ್ಬಿಸುವಾಗ ಓಣಿಯೆಲ್ಲ ಕೇಳುವ ಸುಶೀಲವ್ವನದೇ ದನಿ, ಕೆಮ್ಮೊಂದೇ ಕಡಿಮೆ. ಸಭೆಯ ಕಣ್ಣೆಲ್ಲ ಸುಶೀಲವ್ವನತ್ತ ಹೊರಳಿದವು.

“ನಾ ಹಿಂಗ ಅಂತೀನೇನ ಯವ್ವಾ?” ಎಂದು ಸುಶೀಲವ್ವ ಕೇಳಿದಳು. ಮೊದಲು ನಕ್ಕವಳೂ ಅವಳೇ. ನಗುತ್ತಲೇ ಸರಿದು, ಜಮಖಾನದ ಮೇಲೆ ಪಕ್ಕದಲ್ಲಿ ಲಿಸಿಗೆ ಜಾಗ ಮಾಡಿದಳು. ಗಂಟಲಿಲ್ಲದ ಅಯ್ಯನವರು ಹೆಗಲು ಕುಣಿಸಿ ನಕ್ಕರು.

ಮುಂದಿನ ಕೀರ್ತನೆಯ ನಂಬರು ಹೇಳಬೇಕಿತ್ತು. ದೇವಪುತ್ರ ಅದನ್ನು ತನ್ನ ದನಿಯಲ್ಲೇ ಹೇಳಿದ, ಮೂರೂ ಭಾಷೆಯಲ್ಲಿ.