ಮೀನು ನುಂಗಿದ ಕರಡಿಗೆ

ಶೈಲಜಾಗೆ ಆ ಮೀನೆಂದರೆ ಮೊದಲಿನಿಂದಲೂ ಜೀವ ಬಾಯಿಗೆ ಬರುವಷ್ಟು ಭಯ. ಮಾನ್ವಿಯ ಆ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ಅಂಥ ಮನೆಯ ಪಡಸಾಲೆಗೆ ಅವಳ ಗಂಡ ಮಲ್ಲೇಶ, ಅಕ್ಕಿ ಗಿರಣಿಯ ಸಾಹುಕಾರ, ಶೋಕಿಗೆಂದು ಬೆರಳುದ್ದದ ಕೆಂಪು ಬಾಲದ ಕ್ಯಾಟ್‌ಫಿಶ್ ಮರಿ ತಂದು ಬಿಟ್ಟಿದ್ದ. ಬೆರಳುದ್ದದ್ದು ಗೇಣಾಯಿತು, ಗೇಣಿದ್ದದ್ದು ಮೊಳ ದಾಟಿತು. ಜೊತೆಗಿದ್ದ ಬಣ್ಣದ ಮೀನುಗಳನ್ನೆಲ್ಲ ನುಂಗಿ ನೀರು ಕುಡಿಯಿತು. ಆಮೇಲೆ ತಳದ ಕಲ್ಲು ನುಂಗಿತು, ಗಾಜಿಗೆ ಅಂಟಿಸಿದ್ದ ಥರ್ಮಾಮೀಟರನ್ನೂ ಬಿಡಲಿಲ್ಲ. ಮಲ್ಲೇಶ ರಾಯಚೂರಿನಿಂದ ಗಾಜು ತರಿಸಿ ತರಿಸಿ ತೊಟ್ಟಿಯನ್ನು ಗೋಡೆಯುದ್ದ ಮಾಡಿಸಿದ. ಮೀನು ಮಗ್ಗುಲು ಬದಲಿಸಿದರೆ ಸಾಕು, ಅಡುಗೆಮನೆಯಲ್ಲಿದ್ದ ಶೈಲಜಾ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಗಂಡ ಊರಲ್ಲಿಲ್ಲದಾಗ ಅದಕ್ಕೆ ಕಾಳು ಹಾಕುವ ಕೆಲಸ ಅವಳದು. ಅವಳು ಒಂದು ದಿನವೂ ಆ ಮುಚ್ಚಳ ತೆಗೆದವಳಲ್ಲ. "ಅತ್ತೀ, ನೀವ ಹಾಕ್ರಿ" ಎಂದು ಬಸವಂತಮ್ಮನ ತಲೆಗೆ ಕಟ್ಟುತ್ತಿದ್ದಳು.

ಅವತ್ತು ಮಲ್ಲೇಶ ಭತ್ತ ಖರೀದಿಗೆ ದೇವದುರ್ಗಕ್ಕೆ ಹೋಗಿದ್ದ. ಶೈಲಜಾ ಎಂದಿನಂತೆ ಅತ್ತೆಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಟ್ಟಳು. ಅದಾದ ಮೇಲೆ ಮುದುಕಿ ಲಿಂಗಪೂಜೆ ಮುಗಿಸಿ ಬೇಗ ಉಣ್ಣಬೇಕು, ತಡವಾದರೆ ಸಕ್ಕರೆ ಇಳಿದು ಜೀವಕ್ಕೇ ಸಂಚಕಾರ. ಪೂಜೆಗೆ ಕೂರುವ ಮುಂಚೆ ಬಸವಂತಮ್ಮ ಮೀನಿಗೆ ಕಾಳು ಹಾಕಲು ಬಗ್ಗಿದಳು. ಕೊರಳಿನ ಶಿವದಾರ ಸವೆದಿತ್ತೇನೋ, ಹರಿದೇಹೋಯಿತು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ದಾರದ ಸಮೇತ ನೀರಿಗೆ ಬಿತ್ತು. ಮೀನು ಬಾಯಿ ತೆರೆಯಿತು, ಮುಚ್ಚಿತು.

ಬಸವಂತಮ್ಮ ಬರಿದಾದ ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಸಿದು ಕುಳಿತಳು.

"ಲಿಂಗ ಇಲ್ಲದ ಮೈಗಿ ಹನಿ ನೀರೂ ಬ್ಯಾಡ" ಎಂದಳು.

ಶೈಲಜಾ ಗಡಿಯಾರ ನೋಡಿದಳು. ಮದ್ದು ಆಗಲೇ ಮೈಯೊಳಗೆ ಕೆಲಸ ಶುರುಮಾಡಿತ್ತು, ಚುಚ್ಚಿದ ಕೈ ತನ್ನದೇ. ಸಕ್ಕರೆ ನೀರು ತಂದಳು. ಅತ್ತೆ ಬಾಯಿ ಬಿಗಿಹಿಡಿದಳು. ಡಾಕ್ಟರನ್ನು ಕರೆಸುತ್ತೇನೆಂದರೆ, ಸೂಜಿಯಲ್ಲಿ ಹೋದದ್ದೂ ಉಂಡಂತೆಯೇ ಎಂದಳು. ಮಠಕ್ಕೆ ಹೇಳಿ ಬೇರೆ ಲಿಂಗ ತರಿಸಲೇ ಎಂದರೆ, "ನಂದು ಕಣ್ಮುಂದ ಅದ, ಬ್ಯಾರೇದು ಯಾಕ?"

"ಹಂಗಾರ ಮೀನ ಕೊಯ್ಸತೀನ್ರಿ!"

"ನನ್ನ ಲಿಂಗಕ್ಕ ಒಂದು ಜೀವ ತೆಗಸ್ತೀಯೇನ? ಕೊಯ್ದು ತೆಗದದ್ದು ನಾ ಮುಟ್ಟಂಗಿಲ್ಲ."

ಬಸ್ ಸ್ಟ್ಯಾಂಡ್ ಹತ್ತಿರ ಅಕ್ವೇರಿಯಂ ಅಂಗಡಿಯ ಅಲ್ತಾಫ್, ಆ ಮರಿಯನ್ನು ಮಾರಿದವನೇ, ಫೋನ್ ಮಾಡಿದ ಕೂಡಲೇ ಗಾಡಿ ತೆಗೆದುಕೊಂಡು ಬಂದ.

"ನುಂಗಿದ್ದನ್ನ ತಾನ ಕಾರ್ತದ ಅಕ್ಕಾ. ಇವತ್ತೋ ನಾಳಿಗೋ, ಖರೇ ಅಂದ್ರ ನನಗೂ ಗೊತ್ತಿಲ್ಲ" ಎಂದ.

ಬಸವಂತಮ್ಮನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮಾತು ತೊದಲತೊಡಗಿತ್ತು. ನಾಳೆಯ ತನಕ ಕಾಯುವ ಮಾತೇ ಇರಲಿಲ್ಲ.

"ಕೈ ಹಾಕಿ ತೆಗೀಯಪ್ಪಾ!"

"ನನ್ನ ಕೈ ದಪ್ಪ, ಗಂಟಲಾಗ ಹೋಗಂಗಿಲ್ಲ. ಇದನ್ನ ಹಿಡಿಯಾಕೂ ಎರಡು ಕೈ ಬೇಕು." ಅವನ ಕಣ್ಣು ಅವಳ ಸಣ್ಣ ಮುಂಗೈ ಮೇಲೆ ನಿಂತಿತು.

ಶೈಲಜಾ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ತೆಗದ ಮ್ಯಾಲ ಇದನ್ನ ಇವತ್ತ ನಿನ್ನ ಗಾಡ್ಯಾಗ ಒಯ್ಯಬೇಕು" ಎಂದಳು.

"ಒಯ್ತೀನಕ್ಕಾ. ಡ್ರಮ್ ಅದ."

ಅವಳು ಬಳೆ ಬಿಚ್ಚಿಟ್ಟಳು. ಅಲ್ತಾಫ್ ಅರ್ಧ ನೀರು ಇಳಿಸಿ, ಒದ್ದೆ ಚಾದರ ಸುತ್ತಿ ಮೀನನ್ನು ಅದುಮಿ ಹಿಡಿದ. ಸ್ಟೂಲು ಹತ್ತಿ ಬಗ್ಗಿದವಳಿಗೆ ಕಂಡದ್ದು ನೀರಿನ ಚರಿಗೆ ತೂರುವಷ್ಟು ಅಗಲದ ಬಾಯಿ. ಕಣ್ಣು ಮುಚ್ಚಿ ಕೈ ಹಾಕಿದಳು. ಬಾಯಿ ಕಚ್ಚಿಕೊಂಡಿತು. ಹಲ್ಲಿನ ಸಾಲು ಉಪ್ಪುಕಾಗದದಂತೆ ಚರ್ಮ ಕೆರೆಯಿತು. ಅವಳು ಬೀದಿಗೆ ಕೇಳುವಂತೆ ಚೀರಿದಳು, ಕೈ ಮಾತ್ರ ಹಿಂದೆ ತೆಗೆಯಲಿಲ್ಲ. ಅರ್ಧ ಮುಂಗೈ ಒಳಗೆ ಹೋಯಿತು. ಏನೋ ಮೆತ್ತಗಿನದು ಬೆರಳುಗಳನ್ನು ಹಿಂಡುತ್ತಿತ್ತು. ಕಲ್ಲು ಸಿಕ್ಕಿತು, ಇನ್ನೊಂದು ಕಲ್ಲು, ಆಮೇಲೆ ದಾರ. ಬೆರಳಿಗೆ ಸುತ್ತಿಕೊಂಡು ಎಳೆದಳು. ಲೋಳೆ ಮೆತ್ತಿದ ಕರಡಿಗೆ, ರಕ್ತ ಸುರಿಯುವ ಅವಳ ಕೈ, ಎರಡೂ ಒಟ್ಟಿಗೆ ಹೊರಬಂದವು.

ಬಸವಂತಮ್ಮ ಲಿಂಗ ತೊಳೆದು ಅಂಗೈಯಲ್ಲಿಟ್ಟು ಪೂಜೆ ಮಾಡಿ ಸಕ್ಕರೆ ನೀರು ಕುಡಿಯುವ ತನಕ ಶೈಲಜಾ ಕೈಗೆ ಬಟ್ಟೆಯನ್ನೂ ಸುತ್ತಿಕೊಳ್ಳಲಿಲ್ಲ. ಕುಡಿದ ಮೇಲೆ ಗೋಡೆಗೊರಗಿ ಗೊಳೋ ಎಂದು ಅತ್ತಳು.

ಸ್ವಲ್ಪ ಹೊತ್ತಿಗೆ ಅಲ್ತಾಫ್ ಡ್ರಮ್ ಉರುಳಿಸಿಕೊಂಡು ಬಂದ.

"ಅದ್ಯಾಕ?" ಎಂದಳು ಬಸವಂತಮ್ಮ. ಮುಖಕ್ಕೆ ಕಳೆ ಬಂದಿತ್ತು.

"ಮೀನು ಒಯ್ಯಾಕಮ್ಮಾ."

"ಒಡಲಾಗ ಲಿಂಗ ಇಟ್ಕೊಂಡ ಜೀವ ಅದು. ಇನ್ನ ಈ ಮನಿ ಬಿಟ್ಟು ಹೋಗಂಗಿಲ್ಲ. ತೊಟ್ಟಿಗೆ ನೀರು ತುಂಬು."

"ಇನ್ನೂ ಇದರ ಎರಡಷ್ಟು ಬೆಳೀತದಮ್ಮಾ."

"ಬೆಳೀಲಿ."

ಶೈಲಜಾ ಡ್ರಮ್ಮಿನ ಅಂಚು ಹಿಡಿದುಕೊಂಡಳು. ಬಸವಂತಮ್ಮ ಎದ್ದುಬಂದು ಸೊಸೆಯ ಗಾಯದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆತ್ತ ಮಗಳಿಗೆ ಹಚ್ಚುವಷ್ಟು ಮೃದುವಾಗಿ ಅರಿಶಿನ ಹಚ್ಚಿದಳು.

"ನಾಳಿಂದ ನೀನ ಕಾಳು ಹಾಕವ್ವಾ" ಎಂದಳು. "ನಿನ್ನ ಕೈ ಈಗ ಅದಕ್ಕ ಗುರ್ತಾಗ್ಯಾದ."