ಹೆಬ್ಬೆರಳಿನ ಗಂಟು

ಬೂಟು ಬಿಚ್ಚಲು ಎಮಿಲ್ಡಾಳಿಗೆ ಅಭ್ಯಂತರವಿರಲಿಲ್ಲ. ಕೋಟು ಕೊಡಲೂ ಇರಲಿಲ್ಲ. ಬಾಗಿಲಲ್ಲಿದ್ದ ಹುಡುಗಿ ಎರಡನ್ನೂ ತೆಗೆದಿಟ್ಟುಕೊಂಡು, ಉಳಿದ ಬಟ್ಟೆ ನಿಮ್ಮಿಷ್ಟ, ಇದ್ದರೂ ಆಯಿತು, ತೆಗೆದರೂ ಆಯಿತು ಎಂದು ಹವಾಮಾನದ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಎಮಿಲ್ಡಾ ಕಾರ್ಡಿಗನ್ನಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಒಳಗೆ ಹೋದಳು.

ವಾಕ್ಸ್‌ಹಾಲಿನ ರೈಲ್ವೆ ಕಮಾನುಗಳ ಕೆಳಗಿನ ಹಳೇ ಗೋದಾಮು ಅದು. ಮೇಲೆ ರೈಲು ಹೋದಾಗಲೆಲ್ಲ ಇಟ್ಟಿಗೆಯ ಸಂದಿನಿಂದ ಪುಡಿ ಉದುರುತ್ತಿತ್ತು. ರಂಗವೇದಿಕೆಯೂ ಇಲ್ಲ, ಕುರ್ಚಿಯೂ ಇಲ್ಲ. ನೋಡಬಂದವರು ಬರಿಗಾಲಲ್ಲಿ ಸುತ್ತ ನಿಂತಿದ್ದರು. ನಡುವೆ ಬ್ರೆಜಿಲ್‌ನಿಂದ ಬಂದ ನಾಟಕ ತಂಡದವರು, ಹುಟ್ಟಿದಾಗ ಹೇಗಿದ್ದರೋ ಹಾಗೆ, ಹಾಡುತ್ತ ಓಡಾಡುತ್ತ ಸಿಕ್ಕವರ ಕೈಹಿಡಿದು ಒಳಕ್ಕೆಳೆದುಕೊಳ್ಳುತ್ತಿದ್ದರು. ಕಣ್ಣನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ನೆಲ ನೋಡಿದಳು. ಪಕ್ಕದಲ್ಲಿದ್ದ ನರೆಗೂದಲಿನ ಇಂಗ್ಲಿಷ್ ಗಂಡಸು ಪ್ಯಾಂಟು ಕಳಚಿ, ಇಸ್ತ್ರಿ ಕೆಡದ ಹಾಗೆ ಮಡಿಸಿ ಗೋಡೆಯ ಬದಿಗಿಟ್ಟು, ಬ್ಯಾಂಕಿನ ಸರದಿಯಲ್ಲಿ ನಿಂತವನ ಗಾಂಭೀರ್ಯದಿಂದ ಗುಂಪಿಗೆ ಸೇರಿಕೊಂಡ. ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು.

ಹೀಗೆಲ್ಲ ಇರುತ್ತದೆಂದು ಆ ತಂಡದ ನೀಲ್ಟನ್ ಫೋನಿನಲ್ಲೇ ಹೇಳಿದ್ದ. ಅವಳ ಗಂಡ ಝೇವಿಯರ್ ಏರ್‌ಪೋರ್ಟಿನ ಕಾರ್ಗೋ ಡ್ಯೂಟಿಗೆ ಹೋದ ಹೊತ್ತು ನೋಡಿಯೇ ಫೋನು ಮಾಡಿದ್ದ. ಕೊನೆಯಲ್ಲಿ ನಾನೇ ಹೆಣವಾಗುತ್ತೇನೆ, ನೋಡಬಂದವರು ನನ್ನ ಮೈ ತೊಳೆಯುತ್ತಾರೆ, ಆಮೇಲೆ ಡೋಲು ಬಡಿಯುತ್ತದೆ, ನಾನು ಎದ್ದು ನಿಲ್ಲುತ್ತೇನೆ, ಎಲ್ಲರೂ ಕುಣಿಯುತ್ತಾರೆ ಎಂದಿದ್ದ. ಫೋನಿಡುವ ಮೊದಲು, ಆಲನ್‌ನ ಅಮ್ಮ ಬಂದರೆ ಒಳ್ಳೆಯದು ಎಂದಿದ್ದ. ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ, ವೆಂಬ್ಲಿಗೆ ಕುಚ್ಚಲಕ್ಕಿ ತರಲು ಹೋಗುತ್ತೇನೆಂದು ಗಂಡನಿಗೆ ಹೇಳಿ, ಅವಳು ಫೆಲ್ಥಮ್‌ನಲ್ಲಿ ರೈಲು ಹತ್ತಿದ್ದಳು.

ಆಲನ್ ಅವಳ ಒಬ್ಬನೇ ಮಗ. ನೀಲ್ಟನ್ ಅವನ ಫ್ಲಾಟಿನಲ್ಲಿದ್ದವನು. ಫ್ಲಾಟಿನಲ್ಲಿದ್ದವನು ಎಂಬುದರಿಂದ ಮುಂದಿನ ಮಾತು ಎಮಿಲ್ಡಾಳ ಮನೆಯಲ್ಲಿ ಯಾರ ಬಾಯಿಂದಲೂ ಹೊರಟಿರಲಿಲ್ಲ. ಹಿಂದಿನ ವರ್ಷ, ತೊಂಬತ್ತಮೂರರಲ್ಲಿ, ಆಲನ್ ಏಡ್ಸ್‌ನಿಂದ ತೀರಿಕೊಂಡ. ಊರಾದ ಶಿರ್ವದಲ್ಲಿದ್ದ ನೆಂಟರಿಗೂ ಇಲ್ಲಿ ನೆಲೆಸಿದ ಊರಿನವರಿಗೂ ನ್ಯುಮೋನಿಯಾ ಎಂದು ಹೇಳಿದರು. ಆಸ್ಪತ್ರೆಯಲ್ಲಿ ನೀಲ್ಟನ್ ಬರಿಗೈಯಲ್ಲಿ ಅವನಿಗೆ ಉಣ್ಣಿಸುತ್ತಿದ್ದ, ಬಾಯಿ ಒರೆಸುತ್ತಿದ್ದ. ಹೆತ್ತವಳು ಗ್ಲೌಸು ಹಾಕಿಕೊಂಡು ಮಂಚದ ಕಾಲ ಬದಿಗೆ ಕುಳಿತಿರುತ್ತಿದ್ದಳು. ಅದರ ಅಗತ್ಯವಿಲ್ಲವೆಂದು ನರ್ಸು ಹೇಳಿದರೂ ತೆಗೆಯಲಿಲ್ಲ. ಮನೆಗೆ ಬಂದೊಡನೆ ಝೇವಿಯರ್ ಕೇಳುತ್ತಿದ್ದ ಮೊದಲ ಮಾತು, ಕೈ ತೊಳೆದೆಯಾ ಎಂದು. ಮಗ ಹೇಗಿದ್ದಾನೆ ಎಂಬುದು ಅದಾದ ಮೇಲೆ ಬರುತ್ತಿತ್ತು.

ಅವಳ ಊರಲ್ಲಿ ಸತ್ತವರನ್ನು ಮನೆಯವರೇ ಮೀಯಿಸುವುದು. ಉಗುರುಬೆಚ್ಚಗಿನ ನೀರು, ಹೊಸ ಸಾಬೂನು. ಮೈ ಒರೆಸಿ, ಕಾಲಿನ ಹೆಬ್ಬೆರಳುಗಳೆರಡನ್ನೂ ಬಿಳಿ ಬಟ್ಟೆಯ ಪಟ್ಟಿಯಿಂದ ಜೋಡಿಸಿ ಕಟ್ಟುವುದು. ಆ ಗಂಟು ಬಿದ್ದ ಮೇಲೆಯೇ ಅದು ಹೆಣ, ಅಲ್ಲಿಯವರೆಗೆ ಮನೆಯ ಮನುಷ್ಯ. ಆಲನ್ ಸತ್ತಾಗ, ಬೇಕಿದ್ದರೆ ಜಾಗ್ರತೆಯಿಂದ ಮೀಯಿಸಬಹುದು ಎಂದು ಶವಾಗಾರದವನು ಹೇಳಿದ್ದ. ತಾನು ಮೀಯಿಸಲೇ ಎಂದು ನೀಲ್ಟನ್ ಕೇಳಿದ್ದ. ಝೇವಿಯರ್ ಯಾರೂ ಮುಟ್ಟುವುದು ಬೇಡ ಎಂದು ಅವಳ ಕಡೆ ನೋಡಿದ. ಗಂಡ ಬೇಡವೆಂದದ್ದು ಆಗ ಅವಳಿಗೆ ನೆಮ್ಮದಿಯೇ ಆಗಿತ್ತು, ಅಂದಿನಿಂದ ಅವಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಆ ನೆಮ್ಮದಿ. ಆಲನ್ ಪ್ಲಾಸ್ಟಿಕ್ ಚೀಲದೊಳಗೆ, ಬೆರಳು ಕಟ್ಟಿಸಿಕೊಳ್ಳದೆ, ಹೊರಟುಹೋದ. ನೀಲ್ಟನ್‌ಗೆ ಇಗರ್ಜಿಯ ಗೇಟಿನ ಒಳಗೂ ಬರಲು ಬಿಡಲಿಲ್ಲ.

ಹಾಡು ನಿಂತಿತು. ನಾಲ್ವರು ನೀಲ್ಟನ್‌ನನ್ನು ಹೊತ್ತು ತಂದು ಉದ್ದನೆಯ ಮೇಜಿನ ಮೇಲೆ ಮಲಗಿಸಿದರು. ಮೈಮೇಲೆ ನೂಲಿಲ್ಲ, ಅಡಿಯಿಂದ ಮುಡಿಯವರೆಗೆ ಕೆಂಪು ಮಣ್ಣು ಮೆತ್ತಿತ್ತು. ತುಂಬ ಇಳಿದಿದ್ದ. ಬೋಗುಣಿ, ಅರಿವೆ ಕೈಯಿಂದ ಕೈಗೆ ಬಂದವು. ಜನ ಒಬ್ಬೊಬ್ಬರಾಗಿ ಹೋಗಿ ಭುಜಕ್ಕೋ ಕೈಗೋ ಒಂದಿಷ್ಟು ನೀರು ಸವರಿ, ಮ್ಯೂಸಿಯಮ್ಮಿನ ಸಾಮಾನು ಮುಟ್ಟಿದವರ ಹಾಗೆ ಹಿಂದೆ ಸರಿದರು. ಬೋಗುಣಿ ಎಮಿಲ್ಡಾಳ ಮುಂದೆ ಬಂತು.

ಕಾರ್ಡಿಗನ್ನಿನ ತೋಳು ಮೇಲೇರಿಸಿ ಅವಳು ಅವನ ಕಾಲಿನ ಬದಿಗೆ ನಿಂತಳು. ಅರಿವೆ ಅದ್ದಿ ಬಲಗಾಲು ತೊಳೆಯತೊಡಗಿದಳು. ಮಣ್ಣು ಕರಗಿ ಇಳಿಯಿತು, ಮೊಣಕಾಲ ಕೆಳಗೆ ಒಂದು ಕಲೆ ಉಳಿಯಿತು. ತಿಕ್ಕಿದರೂ ಹೋಗಲಿಲ್ಲ. ನೇರಳೆ ಬಣ್ಣ, ಬೆರಳ ತುದಿಯಷ್ಟು ಅಗಲ. ಪಕ್ಕದಲ್ಲೇ ಇನ್ನೊಂದಿತ್ತು.

ಇಂಥವು ಆಲನ್‌ನ ಬೆನ್ನ ತುಂಬ ಇದ್ದವು. ಎಮಿಲ್ಡಾಳ ಕೈ ನಿಂತಿತು. ತಾನಾಗಿಯೇ ಹಿಂದೆ ಬಂತು ಕೂಡ, ಅಷ್ಟು ದಿನದ ಅಭ್ಯಾಸ ಅದು. ನೀಲ್ಟನ್ ಕಣ್ಣು ಮುಚ್ಚಿಕೊಂಡಿದ್ದ, ಅವನ ಕಾಲಿನ ಸ್ನಾಯು ಮಾತ್ರ ಬಿಗಿಯಿತು. ಅವಳು ಅರಿವೆಯನ್ನು ಬೋಗುಣಿಗೆ ಬಿಟ್ಟಳು. ಬರಿಗೈಯಲ್ಲಿ ನೀರು ಮೊಗೆದು ಕಲೆಯ ಮೇಲೆ ಹಾಕಿ ಅಂಗೈಯಿಂದ ತೊಳೆದಳು. ಆಮೇಲೆ ಅವಳಿಗೆ ಸುತ್ತಲಿನವರು ಇದ್ದಾರೆಂಬುದೇ ಮರೆತುಹೋಯಿತು. ತೊಡೆ, ಹೊಟ್ಟೆ, ಕಂಕುಳು, ಕಿವಿಯ ಹಿಂದೆ, ಒಂದು ಕಡೆ ಬಿಡದೆ ತೊಳೆದಳು. ಹೆತ್ತ ಮಗುವಿನ ಮೈಯಲ್ಲಿ ನಾಚಿಕೆಯ ಜಾಗ ಯಾವುದು? ಒರೆಸಿ ಮುಗಿದ ಮೇಲೆ ಸ್ಕರ್ಟಿನ ಜೇಬಿನಿಂದ ಪೂಜೆಗೆಂದು ತಂದ ಬಿಳಿ ಕರವಸ್ತ್ರ ತೆಗೆದಳು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪಟ್ಟಿ ಹರಿದಳು. ಅವನ ಹೆಬ್ಬೆರಳುಗಳನ್ನು ಜೋಡಿಸಿ, ಸುತ್ತಿ, ಗಂಟು ಹಾಕಿದಳು.

ಡೋಲು ಬಡಿಯಿತು. ನೀಲ್ಟನ್ ಏಳಲಿಲ್ಲ.

ಇನ್ನೊಮ್ಮೆ ಬಡಿಯಿತು. ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಮಾಡಿದ್ದೇನೆಂದು ಎಮಿಲ್ಡಾಳಿಗೆ ಆಗ ಹೊಳೆಯಿತು. ಏಳಬೇಕಾದವನನ್ನು ಕಟ್ಟಿಬಿಟ್ಟಿದ್ದಳು, ಬದುಕಿದ್ದವನಿಗೆ ಹೆಣದ ಗಂಟು ಹಾಕಿದ್ದಳು. ಬಗ್ಗಿ ಬಿಚ್ಚಲು ನೋಡಿದಳು. ಒದ್ದೆ ಬಟ್ಟೆಯ ಗಂಟು, ಎಳೆದಷ್ಟೂ ಬಿಗಿಯಾಯಿತು.

"ಅದು ಹಾಗೇ ಇರಲಿ" ಎಂದ ನೀಲ್ಟನ್, ಇಂಗ್ಲಿಷಿನಲ್ಲಿ, ಅವಳಿಗಷ್ಟೇ ಕೇಳುವಂತೆ. "ನಾನು ಸತ್ತರೆ ನನಗೆ ಇದನ್ನು ಮಾಡುವವರು ನನ್ನ ಊರಿನಲ್ಲಿ ಯಾರೂ ಉಳಿದಿಲ್ಲ."

ಡೋಲಿನವನು ಕೈ ಕೆಳಗಿಳಿಸಿದ. ಕುಣಿತ ನಡೆಯಲಿಲ್ಲ. ಇದೂ ನಾಟಕವೇ ಇರಬೇಕೆಂದುಕೊಂಡ ಜನ ತುಸು ಹೊತ್ತು ನಿಂತು, ಬೂಟು ಹುಡುಕಿಕೊಂಡು ಹೊರಟರು.

ಅವಳು ಮನೆ ಸೇರಿದಾಗ ಝೇವಿಯರ್ ಟೀವಿಯ ಮುಂದಿದ್ದ. ಎಮಿಲ್ಡಾ ಕೋಟು ತೆಗೆದಿಟ್ಟು, ಮಧ್ಯಾಹ್ನ ಉಳಿದ ಅನ್ನ, ಮೀನುಸಾರು ಬಿಸಿಮಾಡಿ ತಟ್ಟೆಗೆ ಬಡಿಸಿ ತಂದಿಟ್ಟಳು.

"ಅಕ್ಕಿ ಎಲ್ಲಿ?" ಎಂದ ಅವನು.

"ತರ್ಲಿಲ್ಲ. ವೆಂಬ್ಲಿಗೆ ಹೋಗ್ಲೇ ಇಲ್ಲ ನಾನು."

"ಮತ್ತೆ ಇಷ್ಟೊತ್ತು ಎಂತ ಮಾಡಿದ್ದು?"

"ಆಲನನ್ನು ಮೀಯಿಸ್ಲಿಕ್ಕೆ ಹೋಗಿದ್ದೆ."

ಝೇವಿಯರ್ ಟೀವಿಯ ಸದ್ದು ಕಡಿಮೆ ಮಾಡಿದ. ಅವಳು ಎಲ್ಲವನ್ನೂ ಹೇಳಿದಳು. ಗೋದಾಮು, ಮೇಜು, ಮೈಮೇಲೆ ಬಟ್ಟೆಯಿಲ್ಲದ ಜನ, ಗಂಟು. ನೀಲ್ಟನ್‌ಗೂ ಅದೇ ಬಂದಿದೆ, ಕಾಲ ಮೇಲೆ ಕಲೆ ಎದ್ದಿದೆ, ಬರಿಗೈಯಲ್ಲೇ ತೊಳೆದೆ ಎಂದಳು. ಮಗನ ಹೆಸರು ಆ ಮನೆಯಲ್ಲಿ ಅಷ್ಟು ಸಲ ಕೇಳಿಬಂದು ಬಹಳ ಕಾಲವಾಗಿತ್ತು. ಗಂಡ ಏನಾದರೂ ಹೇಳಿಯಾನು, ಬೈದರೂ ಸರಿ, ಒಮ್ಮೆ ಅತ್ತರೂ ಸರಿ ಎಂದು ಅವಳು ಕಾದಳು. ಅವನು ತಟ್ಟೆಯನ್ನು ನೋಡಿದ, ಅದನ್ನು ತಂದಿಟ್ಟ ಅವಳ ಕೈಯನ್ನು ನೋಡಿದ.

"ಕೈ ತೊಳ್ದಿದ್ದೀಯಾ?" ಎಂದ.

ಎಮಿಲ್ಡಾ ಅವನ ಎದುರಿನ ಕುರ್ಚಿಯಲ್ಲಿ ಕುಳಿತಳು. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಸಾರು ಸುರಿದು ಕಲಸಿದಳು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇನ್ನೂ ಇತ್ತು. ಅದೇ ಕೈಯಿಂದ ಉಣ್ಣತೊಡಗಿದಳು.