ಕೈ ಎತ್ತುವ ಮೊದಲು

ಎಲ್ಲಿಂದ ಶುರು ಮಾಡಲಿ? ಗಂಟೆ ಬಾರಿಸಿದಲ್ಲಿಂದ ಎನ್ನುತ್ತೀರಿ. ಬಾಕ್ಸಿಂಗ್ ಕಥೆ ಎಂದ ಮೇಲೆ ಬೆಳಕು, ಬೆವರು, ಜನರ ಕೂಗು ಇರಲೇಬೇಕಲ್ಲ. ನಾನೂ ಹಾಗೆಯೇ ಬರೆದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಕಥಾನಾಯಕ ತಲೆ ಎತ್ತಿದ.

"ಜನ ಯಾರಿಗೆ ಕೂಗ್ತಿದಾರೆ?"

"ನಿಮಗೆ."

"ನನಗೆ ಯಾರಮ್ಮ ಕೂಗ್ತಾರೆ? ಅಳಿಸು ಅದನ್ನ."

ಅಳಿಸಿದೆ. (ಶುರುವಿನಲ್ಲೇ ಸೋತೆ. ಇವನ ಸಹವಾಸ.)

1

ಸರಿ, ಬಟ್ಟೆ ಬದಲಿಸುವ ಕೋಣೆಯಿಂದ. ಇವತ್ತು ಇವನೆದುರು ಆಡುವ ಈ ಊರಿನ ಹುಡುಗನ ಕೋಣೆಯಲ್ಲಿ ಕನ್ನಡಿ ಇದೆ, ಮೈ ತಿಕ್ಕುವವರು ಇದ್ದಾರೆ. ಇವನಿಗೆ ಕೊಟ್ಟಿರುವುದು ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆ. ಬಕೆಟ್ ಬೋರಲು ಹಾಕಿ ಕೂತು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಾನೆ. ಗೋಡೆಯ ಪೋಸ್ಟರಿನಲ್ಲಿ ಹುಡುಗನ ಮುಖ ಬಾಗಿಲಿನಷ್ಟು ದೊಡ್ಡದು. ಇವನ ಜಾಗದಲ್ಲಿ 'ಎದುರಾಳಿ' ಎಂದಷ್ಟೇ ಇದೆ. ನಾವೂ ಹಾಗೆಯೇ ಕರೆಯೋಣ, ಅವನಿಗೆ ರೂಢಿಯಾಗಿದೆ.

ಇವನ ಕಸುಬು ಇಷ್ಟು: ಮೇಲೆ ಬರುತ್ತಿರುವ ಹುಡುಗರ ಎದುರು ನಿಲ್ಲುವುದು. ಚೆನ್ನಾಗಿ ಆಡಬೇಕು, ಗೆಲ್ಲಬಾರದು. ಗೆದ್ದರೆ ಪಂದ್ಯ ಕುದುರಿಸುವವನು ಮತ್ತೆ ಫೋನ್ ಮಾಡುವುದಿಲ್ಲ. ಹಾಗಂತ ಬೀಳಲೂ ಬಾರದು. ಬಿದ್ದರೆ ಡಾಕ್ಟರು ಮನೆಯಲ್ಲಿ ಕೂರಿಸುತ್ತಾರೆ. ನಿಂತುಕೊಂಡೇ ಸೋಲಬೇಕು.

"ಬೇಜಾರಾಗಲ್ವಾ?"

"ಹುಡುಗ ಪಾಸಾದ ಅಂತ ಮೇಷ್ಟ್ರಿಗೆ ಬೇಜಾರಾಗುತ್ತಾ?"

"ಮೇಷ್ಟ್ರ ಮೂಗು ಯಾರೂ ಒಡೆಯಲ್ಲ."

"ನಮ್ಮ ಸ್ಕೂಲು ನೀನು ನೋಡಿಲ್ಲ ಬಿಡು."

(ಇಂಥವನನ್ನು ಇಟ್ಟುಕೊಂಡು ದುರಂತ ಬರೆಯಬೇಕಂತೆ ನಾನು!)

2

ಇವನಿಗೊಬ್ಬ ತಂಗಿ. ಗಾರ್ಮೆಂಟ್ಸಿನಲ್ಲಿ ಷರ್ಟಿಗೆ ಕಾಲರ್ ಕೂರಿಸುತ್ತಾಳೆ. ಪ್ರತಿ ಪಂದ್ಯ ಮುಗಿದ ಸೋಮವಾರ ಪಕ್ಕದ ಮಷೀನಿನವಳು ಕೇಳುತ್ತಾಳೆ, "ನಿಮ್ಮಣ್ಣ ಗೆದ್ನಾ?" ಇವಳು ಹೊಲಿಗೆಯಿಂದ ತಲೆ ಎತ್ತದೆ, "ಇಲ್ಲ ಕಣೆ, ಪಾಯಿಂಟ್ ಮೇಲೆ ಹೋಯ್ತು" ಎನ್ನುತ್ತಾಳೆ, ಸ್ವಲ್ಪದರಲ್ಲಿ ಬಸ್ಸು ತಪ್ಪಿದವಳ ಹಾಗೆ.

ಅಣ್ಣ ಅವಳನ್ನು ಯಾವತ್ತೂ ಪಂದ್ಯಕ್ಕೆ ಬರಗೊಟ್ಟವನಲ್ಲ. ಇವತ್ತು ಅವಳು ಹೇಳದೆ ಕೇಳದೆ ಬಂದು ಕುರ್ಚಿಗಳ ಮಧ್ಯೆ ನಿಂತಿದ್ದಾಳೆ.

"ಯಾರೇ ಒಳಗೆ ಬಿಟ್ಟಿದ್ದು ನಿನ್ನ?"

"ಟಿಕೆಟ್ ತಗೊಂಡಿದೀನಿ. ಅದೂ ಆ ಹುಡುಗನ ಚಿಕ್ಕಮ್ಮನ ಹತ್ರ. ನೀನು ಯಾರ ಕಡೆಯವಳಮ್ಮಾ ಅಂದ್ರು, ನೋಡೋಣ ಅಂದೆ." ಅವಳು ಬಗ್ಗಿ ಅವನ ಚಡ್ಡಿಯ ಸೊಂಟಪಟ್ಟಿ ಎಳೆದು ನೋಡಿದಳು. ಅವಳೇ ಹೊಲಿದದ್ದು. "ಅಣ್ಣಾ, ಒಂದೇ ಒಂದು ಸಲ ಗೆಲ್ಲೋ. ನಾನು ನೋಡ್ತಾ ಇರ್ತೀನಿ."

"ಗೆದ್ರೆ ಆಮೇಲೆ ಯಾರು ಕರೀತಾರೆ?"

"ಕರೀದಿದ್ರೆ ಬಿಡ್ಲಿ. ನನಗೂ ಸಾಕಾಗಿದೆ, ಸೋಮವಾರ ಆದ್ರೆ ಮುಖ ಮುಚ್ಕೊಂಡು ಕೂರೋದು."

"ನನಗೆ ಇದು ಬಿಟ್ಟು ಬೇರೇನು ಬರುತ್ತೆ ಹೇಳು?"

(ನಾನು ತಂಗಿಯ ಕಡೆ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಎನ್ನಬೇಡಿ.)

3

ಪಂದ್ಯ ನಾಲ್ಕು ರೌಂಡಿನದು. ಮೊದಲೆರಡರಲ್ಲಿ ಹುಡುಗ ಬೀಸಿದ್ದೇ ಬೀಸಿದ್ದು. ಎದುರಾಳಿ ಅವನ್ನೆಲ್ಲ ಮೊಣಕೈ ಮೇಲೆ, ಹೆಗಲ ಮೇಲೆ ಹಾಕಿಕೊಂಡ. ಹತ್ತಿರ ಬಂದಾಗಲೆಲ್ಲ ಮೆಲ್ಲಗೆ ಹೇಳಿದ, "ಎಡಗೈ ಇಳೀತಿದೆ ನೋಡ್ಕೋ." ಹುಡುಗನಿಗೆ ಅದು ಅಣಕದಂತೆ ಕೇಳಿಸಿತು. ಇನ್ನೂ ಜೋರಾಗಿ ಬೀಸಿದ.

ಮೂರನೇ ರೌಂಡಿನಲ್ಲಿ ಆ ಎಡಗೈ ಪೂರ್ತಿ ಇಳಿಯಿತು. ಎದುರಾಳಿಯ ಬಲಗೈ ಅವನನ್ನು ಕೇಳದೆಯೇ ಹೋಗಿ ದವಡೆಗೆ ಕೂತಿತು. ಹುಡುಗನ ಮಂಡಿ ಸಡಿಲವಾಯಿತು. ಸಭಾಂಗಣ ಗಪ್‌ಚಿಪ್. ಹಿಂದಿನ ಸಾಲಿನಿಂದ ಒಂದೇ ದನಿ: "ಅಣ್ಣಾ, ಹೊಡೀ!"

ಅವನು ಹೊಡೆದ. ಹುಡುಗ ಬಿದ್ದ.

"ಅಳಿಸು."

"ಅಳಿಸಲ್ಲ. ಮೊದಲನೇ ಪುಟದಿಂದ ಕಾಯ್ತಿದೀನಿ ಇದಕ್ಕೆ."

"ಅವನ ಕಣ್ಣು ನೋಡು. ಒಳಗೆ ಯಾರೂ ಇಲ್ಲ ಅಲ್ಲಿ. ಈಗ ಹೊಡೆದ್ರೆ ಬರೀ ಬೀಳಲ್ಲ ಅವನು."

"ರೀ, ಇದು ಬಾಕ್ಸಿಂಗ್!"

"ಹಾಗಾದ್ರೆ ನೀನೇ ಹೊಡಿ. ಬಾ, ಗ್ಲೌಸ್ ಹಾಕ್ಕೋ."

ಹುಡುಗನ ಕಣ್ಣು ನೋಡಿದೆ. ನೋಡಬಾರದಿತ್ತು. ಅಳಿಸಿದೆ.

3, ಇನ್ನೊಮ್ಮೆ

ಎದುರಾಳಿ ಹುಡುಗನ ಮೇಲೆ ಬಿದ್ದು ತಬ್ಬಿಕೊಂಡ. ದೂರದಿಂದ ನೋಡಿದವರಿಗೆ ಮುದುಕ ಸುಸ್ತಾಗಿ ಜೋತುಬಿದ್ದ ಹಾಗೆ ಕಾಣಬೇಕು, ಹಾಗೆ. ನಿಜಕ್ಕೂ ಹುಡುಗನ ಭಾರವೆಲ್ಲ ಇವನ ಹೆಗಲ ಮೇಲಿತ್ತು.

"ಉಸಿರು ಬಿಡು. ಒರಗು ನನ್ನ ಮೇಲೆ. ಬಿಡಿಸಿದಾಗ ನಿನ್ನ ಬಲಕ್ಕೆ ಹೋಗು, ನನ್ನ ಬಲಗೈ ಕಡೆ ಬರಬೇಡ."

"ತಬ್ಕೊಳ್ಳೋಕೆ ಬಂದ್ಯೇನೋ ತಾತಾ?" ಎಂದು ಯಾರೋ ಕೂಗಿದರು. ನಗು. ರೆಫರಿ ಬಿಡಿಸಿದ. ಹುಡುಗ ಬಲಕ್ಕೆ ಹೋದ.

ನಾಲ್ಕನೇ ರೌಂಡಿನಲ್ಲಿ ಆ ಎಡಗೈ ಒಮ್ಮೆಯೂ ಇಳಿಯಲಿಲ್ಲ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

5

(ನಾಲ್ಕು ಎಲ್ಲಿ ಎನ್ನಬೇಡಿ. ಅಲ್ಲಿ ನಾನೂ ಅವನೂ ಜಗಳವಾಡಿದ್ದೇವೆ, ಓದುವಂಥದ್ದಲ್ಲ.)

ಕೊನೆಯ ಗಂಟೆ ಬಾರಿಸಿತು. ಎದುರಾಳಿ ಎಂದಿನ ಅಭ್ಯಾಸದಂತೆ ಹೋಗಿ ಹುಡುಗನ ಕೈ ಹಿಡಿದು ಮೇಲೆತ್ತಿದ. ಇಷ್ಟು ವರ್ಷ ಹೀಗೇ ಮುಗಿಸಿದ್ದಾನೆ, ಎಲ್ಲರಿಗೂ ಕಾಯುವುದು ತಪ್ಪುತ್ತದೆ.

"ಕೈ ಇಳಿಸಪ್ಪಾ," ರೆಫರಿ ರೇಗಿದ. "ಇನ್ನೂ ಹೇಳಿಲ್ಲ ನಾನು."

ಎದುರಾಳಿಯ ಮುಖದ ಬಣ್ಣವೇ ಇಳಿಯಿತು. ಇಲ್ಲಿ ತೀರ್ಪು ರೆಫರಿಯೊಬ್ಬನದೇ. ಅವನು ನಡುವೆ ನಿಂತು ಇಬ್ಬರ ಮಣಿಕಟ್ಟನ್ನೂ ಹಿಡಿದುಕೊಂಡು ನನ್ನ ಕಡೆ ನೋಡುತ್ತಿದ್ದಾನೆ. ಬರೆಯಬೇಕಾದವಳು ನಾನಲ್ಲವೇ.

ಹುಡುಗನ ಕೈ ಎತ್ತಿಸಲೇ? ನಾಳೆ ಫೋನ್ ಬರುತ್ತದೆ, ಸೋಮವಾರ ತಂಗಿ ಮುಖ ಮುಚ್ಚಿಕೊಳ್ಳುತ್ತಾಳೆ. ನೀವು ಆಕಳಿಸುತ್ತೀರಿ.

ಇವನ ಕೈ ಎತ್ತಿಸಿದರೆ? ತಂಗಿ ಕುರ್ಚಿ ಹತ್ತಿ ಕುಣಿಯುತ್ತಾಳೆ. ಪಂದ್ಯ ಕುದುರಿಸುವವನು, "ಎಂಥ ಕೆಲಸ ಮಾಡ್ಬಿಟ್ಟೆಯಪ್ಪಾ" ಎನ್ನುತ್ತಾನೆ. ಆಮೇಲೆ ಫೋನ್ ಬರುವುದಿಲ್ಲ.

ಡ್ರಾ?

"ಡ್ರಾ ಅಂತ ಬರೆದು ನೋಡು, ಕಥೆ ಬಿಟ್ಟೇ ಹೋಗ್ತೀನಿ," ಎಂದ ಎದುರಾಳಿ.

"ನಾನೂ," ಎಂದಳು ತಂಗಿ. ಅಣ್ಣ ತಂಗಿ ಒಂದು ಮಾತಿಗೆ ಬಂದದ್ದು ಇದೇ ಮೊದಲು, ಅದೂ ನನ್ನ ವಿರುದ್ಧ.

ತಲೆ ಚಿಟ್ಟು ಹಿಡಿಯಿತು. "ನೀನೇ ಹೇಳಮ್ಮ, ಯಾವ ಕೈ?" ಎಂದು ಅವಳನ್ನೇ ಕೇಳಿದೆ.

ಅವಳು ರೆಫರಿಯನ್ನು ನೋಡುತ್ತಲೇ ಇರಲಿಲ್ಲ.

"ಆ ಹುಡುಗ ಬೀಳ್ತಿದ್ದ, ಇವನು ಹಿಡ್ಕೊಂಡ. ಅಲ್ವಾ?"

"ಹೌದು."

"ಇಷ್ಟು ವರ್ಷ ಇದನ್ನೇ ಮಾಡಿ ಬರ್ತಿದ್ನಾ?"

"ಅವನನ್ನೇ ಕೇಳು."

"ಕೇಳಿದ್ರೆ ಹೇಳ್ತಾನಾ ಅವನು? ಕತ್ತೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವುದೋ ಒಂದು ಎತ್ತಿಸಿ, ಬೇಗ. ಬಲಗೈ ನೋಯ್ತಿದೆ ಅವನಿಗೆ. ರೆಫರಿ ಅಲ್ಲೇ ಹಿಡ್ಕೊಂಡಿದಾನೆ. ಮುಖ ನೋಡಿದ್ರೆ ಗೊತ್ತಾಗಲ್ವಾ ನಿಮಗೆ?"

ಗೊತ್ತಾಗಿರಲಿಲ್ಲ. ಅವನನ್ನು ಇಷ್ಟು ಹೊತ್ತು ಬರೆದವಳು ನಾನು, ನನಗೆ ಗೊತ್ತಾಗಿರಲಿಲ್ಲ.

ಅವಳು ತೀರ್ಪಿಗೆ ಕಾಯದೆ ಐಸ್ ಹುಡುಕಲು ಎದ್ದು ಹೋದಳು. ನಾನೂ ಪೆನ್ನು ಇಟ್ಟು ಹಿಂದೆಯೇ ಹೋದೆ. ಹೊರಗಿನ ಸೋಡಾ ಅಂಗಡಿಯವನು ಪೆಟ್ಟಿಗೆಯಲ್ಲಿ ಕೈ ಆಡಿಸಿ ಚೂರುಗಳನ್ನು ಅವಳ ಕರ್ಚೀಫಿಗೆ ಹಾಕುತ್ತಿದ್ದಾಗ ಒಳಗೆ ಜನ ಒಮ್ಮೆಲೇ ಕೂಗಿದರು.

ಯಾರಿಗೆ ಕೂಗಿದರೋ. ಅವಳು ತಿರುಗಿ ನೋಡಲಿಲ್ಲ.

"ಇನ್ನೊಂದು ಸ್ವಲ್ಪ ಹಾಕಿ," ಎಂದಳು.